ಮಾಹಿತಿದಾರ ಸಂಖ್ಯೆ 7

ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಸುಗ್ಗಿಯ ದಿನ ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೋನೇಟ್, 15 ಮಿಲಿ ಡಿಪಿಂಗ್ ಆಯಿಲ್ ಕಲಸಬೇಕು. ಗೊನೆ ಅದ್ದಿ ತೆಗೆದು ರ್‍ಯಾಕಿನ ಬಲೆಯ ಮೇಲೆ ಹರವಬೇಕು. ಆಮೇಲೆ 12ರಿಂದ 15 ದಿನ ಮುಗಿಲು ನೋಡುತ್ತ ಕೂರಬೇಕು. ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ನಡುವೆ ಅಕಾಲಿಕ ಮಳೆ ಬಿದ್ದರೆ ಅದೂ ಇಲ್ಲ.

ಸಂಶೋಧಕರ ಜೀಪು ಅಥಣಿ ತಾಲ್ಲೂಕಿನ ಐಗಳಿಗೆ ಬಂದದ್ದು ಸರಿಯಾಗಿ ಅಂಥ ವಾರದಲ್ಲೇ.

ನಾಲ್ಕು ಮಂದಿ, 14 ಪುಟದ ಪ್ರಶ್ನಾವಳಿ, ವಿಷಯದ ಹೆಸರಿನಲ್ಲೇ ‘ಸಮುದಾಯ ಸಹಭಾಗಿತ್ವ’. ಮನೆ ಮನೆ ತೋರಿಸಲು ಅವರಿಗೊಬ್ಬ ಊರವನು ಬೇಕಿತ್ತು. ಆ ಉತ್ಸಾಹಿಯೇ ಮುಂದೆ ಅವರ ಪ್ರಬಂಧದಲ್ಲಿ ‘ಮಾಹಿತಿದಾರ ಸಂಖ್ಯೆ 7’ ಆದ. ಅವನು ಯಾರೆಂದು ಊರಿಗೆ ಗೊತ್ತು. ಈ ಬರಹ ಬರೆಯುತ್ತಿರುವವನೂ ಅವನೇ. ಅಲ್ಲಿ ಸಿಗದ ಹೆಸರು ಇಲ್ಲಿಯೂ ಬೇಡ, ಅಂಕಿಯೇ ಇರಲಿ.

ಸಮ್ಮತಿ ಪತ್ರ ಇಂಗ್ಲಿಷಿನಲ್ಲಿತ್ತು. ಗೊನೆ ಹರವುತ್ತಿದ್ದ ಹೆಣ್ಣುಮಕ್ಕಳು ಅಂಟು ಕೈ ಒರೆಸಿಕೊಳ್ಳುತ್ತ ‘ಯಾತರ ಸಹೀರಿ ಇದು?’ ಎಂದು ಕೇಳಿದರು. ‘ಹಾಕ್ರಿ, ಏನೂ ಆಗಂಗಿಲ್ಲ’ ಎಂದವನು ಏಳನೇ ನಂಬರಿನವನು. ಅವನೂ ಓದಿರಲಿಲ್ಲ.

ಇನ್ನು ವಹಿಗಳ ವಿಚಾರ. ಅವನ ಅಪ್ಪ ಎರಡು ವಹಿ ತುಂಬ ಬರೆದಿಟ್ಟಿದ್ದ: ಯಾವ ದಿನ ಚಾಟ್ನಿ (ಬಳ್ಳಿ ಸವರುವುದು), ಯಾವ ರಾತ್ರಿ ಮಳೆ, ಎಷ್ಟು ರ್‍ಯಾಕ್ ಹಾಳು, ಯಾವ ಗಾಳಿಗೆ ಬೇಗ ಒಣಗಿತು. ಅಪ್ಪ ಹೋದ ಮೇಲೆ ಮೂರನೆಯದನ್ನು ಅವ್ವ ಬರೆದಳು, ದಪ್ಪ ಅಕ್ಷರದಲ್ಲಿ, ಗೆರೆ ಮೀರಿ. ಸಂಶೋಧಕರ ಕಣ್ಣು ಅರಳಿದ್ದು ಪ್ರಶ್ನಾವಳಿಯ ಉತ್ತರಗಳಿಗಲ್ಲ, ಈ ಮೂರಕ್ಕೆ. ‘ಒಂದು ತಿಂಗಳಲ್ಲಿ ವಾಪಸ್’ ಎಂದರು. ಕಾಕಾ ಅಡ್ಡ ಬಂದ: ‘ವಹಿ ಮನಿ ಬಿಟ್ಟು ಹೋಗಬಾರದಪಾ. ಅಥಣಿಗೆ ಹೋಗಿ ಝೆರಾಕ್ಸ್ ಮಾಡಿಸ್ಕೊಳ್ಳಲಿ.’ ಕಾಕಾನದೂ ತಪ್ಪಿದೆ. ಅವನು ಬೋರ್‌ವೆಲ್ಲಿಗೂ ಬ್ಯಾಡ ಅಂದವನು, ಮೊಬೈಲಿಗೂ ಬ್ಯಾಡ ಅಂದವನು. ನಿಜಕ್ಕೂ ಬ್ಯಾಡ ಅನ್ನಬೇಕಾದ ದಿನ ಅವನ ಮಾತಿಗೆ ತೂಕವೇ ಉಳಿದಿರಲಿಲ್ಲ. ‘ಓದಿದವರ ಮ್ಯಾಲೆ ಇಷ್ಟ್ಯಾಕ ಸಂಶೆ?’ ಎಂದು ಏಳನೇ ನಂಬರಿನವನು ಮೂರೂ ವಹಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೀಪಿನಲ್ಲಿಟ್ಟ. ಹಟ ಅವನದೇ.

ಒಂದು ತಿಂಗಳು ಒಂದೂವರೆ ವರ್ಷವಾಯಿತು. ಫೋನು ಮೊದಲು ರಿಂಗಾಗುತ್ತಿತ್ತು, ಆಮೇಲೆ ಅದೂ ನಿಂತಿತು. ಕಡೆಗೆ ಬಂದದ್ದು ವಿಚಾರ ಸಂಕಿರಣದ ಆಮಂತ್ರಣ. ಇಸ್ತ್ರಿ ಅಂಗಿ ಹಾಕಿ, ರಾತ್ರಿ ಬಸ್ಸು ಹತ್ತಿ, ಬುತ್ತಿಯ ಜೊತೆ ಎರಡು ಕಿಲೊ ಮಣೂಕ ಕಟ್ಟಿಕೊಂಡು ಹೋದ. ಎಸಿ ಸಭಾಂಗಣದ ಕೊನೆಯ ಸಾಲು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅರ್ಧ ತಿಳಿಯಿತು, ಅರ್ಧ ತೂಕಡಿಕೆ. ಆಗ ಪರದೆಯ ಮೇಲೆ ಒಂದು ಪುಟ ಮೂಡಿತು. ಗೆರೆ ಮೀರಿದ ದಪ್ಪ ಅಕ್ಷರ: ‘ರಾತ್ರಿ ಮಳಿ. ಮೂರು ರ್‍ಯಾಕ್ ಹೋದ್ವು. ಇವರು ಇದ್ದಿದ್ರ ತಾಡಪತ್ರಿ ಹಾಕ್ತಿದ್ರು.’ ಅಪ್ಪ ತೀರಿಕೊಂಡ ವರ್ಷದ ಪುಟ ಅದು. ಮನೆಯಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಓದಿದ್ದಿಲ್ಲ. ಅಲ್ಲಿ ಒಬ್ಬರು ಕೆಂಪು ಬೆಳಕಿನ ಕಡ್ಡಿಯಿಂದ ‘ಮೂರು ರ್‍ಯಾಕ್’ ಎಂಬಲ್ಲಿ ಸುತ್ತು ಹಾಕಿ ಮುಂದಿನ ಪುಟಕ್ಕೆ ಹೋದರು. ಪುಟದ ಕೆಳಗೆ ಬರೆದಿತ್ತು: ನಮ್ಮ ತಂಡದ ಕ್ಷೇತ್ರ ಸಂಗ್ರಹ.

ಅವನು ಎದ್ದು ನಿಂತ. ‘ಪ್ರಶ್ನೆ ಕೊನೆಗೆ’ ಎಂದರು. ಕೊನೆಗೆ ಚಹಾ ಬಂತು.

ಇನ್ನೊಂದು ಪುಟದಲ್ಲಿ ಅವನದೇ ಫೋಟೊ ಇತ್ತು, ಅಡಿಯಲ್ಲಿ ಮಾಹಿತಿದಾರ 7. ಹೆಸರು ಮುಚ್ಚಿಡುವುದು ಮಾಹಿತಿ ಕೊಟ್ಟವರ ರಕ್ಷಣೆಗಂತೆ. ಒಳ್ಳೆಯ ನಿಯಮವೇ. ಆದರೆ ಹೆಸರು ಮುಚ್ಚಿ ಮುಖ ತೋರಿಸುವುದು ಯಾವ ರಕ್ಷಣೆ? ಮುಚ್ಚಬೇಕೋ ಬೇಡವೋ ಎಂದು ಅವನನ್ನು ಕೇಳಿದವರಾದರೂ ಯಾರು?

ಚಹಾದ ಗದ್ದಲದಲ್ಲಿ ಎರಡು ವಹಿ ಕೈಗೆ ಬಂದವು. ಮೂರನೆಯದು ‘ಎಲ್ಲೋ ಇದೆ’. ಕಚೇರಿಯಲ್ಲಿ ವಿಚಾರಿಸಿದರೆ ಅರ್ಜಿ ಕೊಡಿ ಎಂದರು. ಅರ್ಜಿ ಕೊಟ್ಟರೆ, ಸ್ಕ್ಯಾನ್ ಇದೆಯಲ್ಲ, ಮೂಲಪ್ರತಿ ಯಾಕೆ ಎಂದರು. ಮಣೂಕದ ಗಂಟನ್ನು ಮಾತ್ರ ಮರೆಯದೆ ಇಸಿದುಕೊಂಡಿದ್ದರು. ಊರಿಗೆ ಬಂದಾಗ ಅವ್ವ ಎಣಿಸಿ ನೋಡಿ ಕೇಳಿದ್ದು ಒಂದೇ ಮಾತು, ‘ಮೂರನೇದು?’

ಇದು ಒಂದು ಮನೆಯ ಗೋಳು. ಇದಕ್ಕಿಂತ ದೊಡ್ಡದು ಕೃಷ್ಣೆಯ ಆಚೆ ದಡದ ರಾಯಬಾಗ ತಾಲ್ಲೂಕಿನ ಕುಡಚಿಗೆ ಅಂಟಿಕೊಂಡಿದೆ. 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಬದನೆಗಾಗಿ ಬೀಜ ಕಂಪನಿ ಮಹಿಕೊ ಮತ್ತಿತರರೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಬಳಸಿದ ಕರ್ನಾಟಕದ ಆರು ನಾಟಿ ತಳಿಗಳಲ್ಲಿ ‘ಕುಡಚಿ ಲೋಕಲ್’ ಒಂದು, ‘ಉಡುಪಿ ಲೋಕಲ್’ ಇನ್ನೊಂದು. 2002ರ ಜೀವವೈವಿಧ್ಯ ಕಾಯ್ದೆ ಕೇಳುವ ಅನುಮತಿಯನ್ನೂ ಪಡೆದಿಲ್ಲ, ಊರಿನವರನ್ನೂ ಕೇಳಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರುವರಿಯಲ್ಲಿ ದೂರು ಕೊಟ್ಟಿತು; 2012ರಲ್ಲಿ ಪ್ರಕರಣ ಧಾರವಾಡದ ನ್ಯಾಯಾಲಯ ಮುಟ್ಟಿತು. ಬೀಜವನ್ನು ರೈತರಿಗೆ ಅಗ್ಗದಲ್ಲಿ ಕೊಡುವ ಸಾರ್ವಜನಿಕ ಸಂಶೋಧನೆ ಇದು ಎಂಬುದು ಇನ್ನೊಂದು ಕಡೆಯ ವಾದ. ಇರಬಹುದು. ಕುಡಚಿಯ ಹೆಸರು ಕಾಗದದ ಮೇಲೆ ಅಷ್ಟು ಓಡಾಡಿತು, ಕುಡಚಿಯ ಬದನೆ ಬೆಳೆಗಾರ ಮಾತ್ರ ಯಾವ ಸಹಿಯ ಜಾಗದಲ್ಲೂ ಇರಲಿಲ್ಲ.

ರೈತರಿಗೆ ಸಂಶೋಧನೆ ಗೊತ್ತಿಲ್ಲ ಎನ್ನುವವರು ಮಹಾರಾಷ್ಟ್ರದ ತಾಸಗಾಂವ ಕಡೆ ಹೋಗಿ ಬರಬೇಕು. ಈ ಭಾಗದ ತೋಟಗಳಿಗೆ ಪರಿಚಿತವಾದ ‘ತಾಸ್-ಎ-ಗಣೇಶ’ ತಳಿಯನ್ನು ಥಾಮ್ಸನ್ ಸೀಡ್‌ಲೆಸ್‌ನ ಬಳ್ಳಿಗಳ ನಡುವೆ ಗುರುತಿಸಿ ಬೇರ್ಪಡಿಸಿದವರು ಅಲ್ಲಿನ ಬೋರಗಾಂವದ ರೈತ ವಸಂತರಾವ್ ಆರ್ವೆ. ‘ಸೋನಾಕ’ ಸೋಲಾಪುರದ ನಾನಜದ ನಾನಾಸಾಹೇಬ ಕಾಳೆಯವರ ತೋಟದ್ದು. ಇದೆಲ್ಲ ಆದ ಮೇಲೆ, ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಶುರುವಾದದ್ದು 1997ರಲ್ಲಿ.

ಸರಿಯಾಗಿ ನಡೆದದ್ದೂ ಇದೆ, ಪೂರ್ತಿ ಅಲ್ಲದಿದ್ದರೂ. ಕೇರಳದ ಅಗಸ್ತ್ಯ ಬೆಟ್ಟದಲ್ಲಿ 1987ರಲ್ಲಿ ವಿಜ್ಞಾನಿಗಳಿಗೆ ದಾರಿ ತೋರುತ್ತಿದ್ದ ಕಾಣಿ ಬುಡಕಟ್ಟಿನ ಕೆಲವರು ದಣಿವು ಕಳೆಯುವ ಒಂದು ಕಾಯಿ ತಿನ್ನಿಸಿದರು. ಆ ಆರೋಗ್ಯಪಚ್ಚ ಗಿಡದಿಂದ ‘ಜೀವನಿ’ ಎಂಬ ಔಷಧಿ ಬಂತು. ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ತನಗೆ ಬಂದ ಪರವಾನಗಿ ಶುಲ್ಕ ಮತ್ತು ರಾಯಧನದಲ್ಲಿ ಅರ್ಧವನ್ನು ಕಾಣಿಗಳಿಗೆ ಮೀಸಲಿಟ್ಟಿತು. ಅದಕ್ಕಾಗಿ 1997ರಲ್ಲಿ ಟ್ರಸ್ಟ್ ಆಯಿತು. ಇಡೀ ಬುಡಕಟ್ಟಿನ ಪರವಾಗಿ ಒಪ್ಪಿಗೆ ಕೊಡಲು ಆ ಕೆಲವರು ಯಾರು ಎಂಬ ತಕರಾರು ಅಲ್ಲೂ ಎದ್ದಿತು. ಇದನ್ನು ಓದಿದಾಗ ಏಳನೇ ನಂಬರಿನವನಿಗೆ ಶೆಡ್ಡಿನ ಅಂಟು ಕೈಗಳು ನೆನಪಾದವು. ‘ಹಾಕ್ರಿ’ ಎನ್ನಲು ಅವನು ಯಾರು?

ಈಗ ಅವನು ಬೇರೆ ಊರಿನವರಿಗೆ ಹೇಳುವುದು ಇಷ್ಟು. ಸುಗ್ಗಿಯಲ್ಲಿ ಬಂದವರನ್ನು ಜೂನ್‌ಗೆ ಬನ್ನಿ ಎನ್ನಿ. ಕಾಗದ ಕನ್ನಡದಲ್ಲಿರಲಿ, ಸಹಿಗೆ ಮೊದಲು ಯಾರಾದರೂ ಗಟ್ಟಿಯಾಗಿ ಓದಲಿ. ಮೂಲ ವಹಿ ಮನೆಯಲ್ಲೇ ಇರಲಿ. ಬರೆದದ್ದನ್ನು ಅವರು ಮೊದಲು ಊರಲ್ಲಿ ಓದಲಿ, ಆಮೇಲೆ ಪಟ್ಟಣದಲ್ಲಿ. ಕೂಲಿ ಬಿಟ್ಟು ಕೂತವರಿಗೆ ಅವತ್ತಿನ ಕೂಲಿ. ಯೋಜನೆಗೆ ಬಂದ ದುಡ್ಡು ಎಷ್ಟು, ಯಾತಕ್ಕೆ ಎಂದು ಕೇಳಲು ನಾಚಬಾರದು, ಅವನು ನಾಚಿದ್ದ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ಬಂದಳು, ಬೇರೆ ವಿಶ್ವವಿದ್ಯಾಲಯ, ಕೈಯಲ್ಲಿ ಕನ್ನಡದ ಎರಡು ಹಾಳೆ. ಕಟ್ಟೆಯ ಮೇಲೆ ಕಾಕಾ ಕನ್ನಡಕ ಏರಿಸಿ ಪೂರ್ತಿ ಓದಿಸಿಕೊಂಡ, ಎರಡು ಕಡೆ ಪೆನ್ನಿನಿಂದ ಹೊಡೆದು ಹಾಕಿಸಿದ. ಅವಳು ಒಪ್ಪಿದಳು. ಆಮೇಲೆ ಕಾಕಾ ಕೇಳಿದ:

‘ಅಲ್ಲವಾ, ಇದರಾಗ ಏಳನೇ ನಂಬರ ಯಾರಿಗೆ ಕೊಡಾಕಿ?’