ಬಂದ ದಿನದ ಚಪ್ಪಾಳೆ

ಪುಟ್ಟಾ,

ನಿನ್ನೆ ಬೆಳಿಗ್ಗೆ ಪೋರ್ಟಿಕೋದಲ್ಲಿ ನಿನ್ನ ಬೈಕಿನ ಪಕ್ಕ ಒಂದು ಬಿಳಿ ಬಟ್ಟೆ ಬಿದ್ದಿತ್ತು. ಎತ್ತಿ ಕೊಡವಿದೆ. ಚೈನಿನ ಗ್ರೀಸು, ಒಣಗಿದ ಕೆಮ್ಮಣ್ಣು. ಬೆನ್ನ ಮೇಲೆ ಅರ್ಧಂಬರ್ಧ ಸುಲಿದ ಅಕ್ಷರಗಳಲ್ಲಿ ಹಜಾರ್ಡ್ ಎಂಬ ಹೆಸರು, ಕೆಳಗೆ 7. ನೀನು ಪಿಯುಸಿಯಲ್ಲಿದ್ದಾಗ ಹಬ್ಬಕ್ಕೆ ಸಿಕ್ಕ ದುಡ್ಡನ್ನೆಲ್ಲ ಕೂಡಿಟ್ಟು ಕೊಂಡ ರಿಯಲ್ ಮ್ಯಾಡ್ರಿಡ್ ಫುಟ್‌ಬಾಲ್ ತಂಡದ ಜೆರ್ಸಿ ಅದು. ಅದನ್ನು ತೊಟ್ಟು ನಡುರಾತ್ರಿ ಟಿವಿ ಮುಂದೆ ಕೂರುತ್ತಿದ್ದೆ, ಅಪ್ಪನಿಗೆ ಎಚ್ಚರವಾದೀತೆಂದು ಸದ್ದು ಪೂರ್ತಿ ಇಳಿಸಿ. ನಿದ್ದೆ ಬಾರದ ನಾನೂ ಪಕ್ಕದಲ್ಲಿ ಇರುತ್ತಿದ್ದೆ.

ಸೋಮವಾರ ನೀನು ಪುಣೆಗೆ ಹೊರಡುತ್ತೀಯ. ಕ್ಯಾಂಪಸ್ಸಿನಲ್ಲೇ ಸಿಕ್ಕ ಕೆಲಸ, ದೊಡ್ಡ ಪ್ಯಾಕೇಜು. ನಿನ್ನಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿ ಬಂದಿದ್ದಾಳೆ. ಈ ಸಂಭ್ರಮದ ನಡುವೆ ಆ ಜೆರ್ಸಿ ನನ್ನ ಕೈಗೆ ಬಂದದ್ದು ಒಳ್ಳೆಯದೇ ಆಯಿತು. ಹೊರಡುವ ಮುಂಚೆ ನಿನಗೆ ಹೇಳಬೇಕೆಂದಿದ್ದ ಮಾತು ಅದರಲ್ಲೇ ಇದೆ.

2019ರ ಜೂನ್ 13 ನೆನಪಿದೆಯೇ? ಸ್ಯಾಂಟಿಯಾಗೊ ಬರ್ನಬ್ಯೂ ಕ್ರೀಡಾಂಗಣದಲ್ಲಿ ಸುಮಾರು 50 ಸಾವಿರ ಜನ. ಅಂದು ಪಂದ್ಯವಿರಲಿಲ್ಲ, ಎದುರಾಳಿ ತಂಡವಿರಲಿಲ್ಲ. ಈಡನ್ ಹಜಾರ್ಡ್ ಬಿಳಿ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುವುದನ್ನು ನೋಡಲೆಂದೇ ಅಷ್ಟು ಜನ ಬಂದಿದ್ದರು. ಎರಡು ವಾರದ ಹಿಂದಷ್ಟೇ ಬಾಕುವಿನಲ್ಲಿ ನಡೆದ ಯುರೋಪಾ ಲೀಗ್ ಫೈನಲ್‌ನಲ್ಲಿ ಅವನು ಆರ್ಸೆನಲ್ ವಿರುದ್ಧ ಎರಡು ಗೋಲು ಹೊಡೆದು ಚೆಲ್ಸಿಗೆ ಕಪ್ ತಂದುಕೊಟ್ಟಿದ್ದ. ಚೆಲ್ಸಿಯಲ್ಲಿ ಏಳು ವರ್ಷ, 352 ಪಂದ್ಯ, 110 ಗೋಲು. ಮ್ಯಾಡ್ರಿಡ್ ಅವನಿಗೆ ಸುರಿದದ್ದು ಸುಮಾರು 10 ಕೋಟಿ ಯುರೊ. ರೊನಾಲ್ಡೊ ಬಿಟ್ಟುಹೋಗಿ ಒಂದು ವರ್ಷವಾಗಿತ್ತು. ಆ ಜಾಗಕ್ಕೆ ತಕ್ಕವನು ಬಂದ ಎಂದು ನೀನು ಮನೆಯೆಲ್ಲ ಕುಣಿದಾಡಿದೆ.

ಆಮೇಲೆ ನಾಲ್ಕು ಸೀಸನ್. 76 ಪಂದ್ಯ, 7 ಗೋಲು. ಒಪ್ಪಂದ ಇನ್ನೂ ಒಂದು ವರ್ಷ ಬಾಕಿಯಿರುವಾಗಲೇ 2023ರಲ್ಲಿ ಕ್ಲಬ್ ಬಿಟ್ಟ. ಅದೇ ಅಕ್ಟೋಬರ್‌ನಲ್ಲಿ, 32ನೇ ವಯಸ್ಸಿಗೆ, ಆಟಕ್ಕೇ ವಿದಾಯ ಹೇಳಿದ.

ನಿನಗೆ ಹೇಳುವ ಮೊದಲ ಮಾತು ಇದು. ಆ 50 ಸಾವಿರ ಜನರ ಚಪ್ಪಾಳೆ ಬಿದ್ದದ್ದು ಅವನು ಲಂಡನ್ನಿನ ಚೆಲ್ಸಿಯಲ್ಲಿ ಮಾಡಿದ ಕೆಲಸಕ್ಕೆ. ಮ್ಯಾಡ್ರಿಡ್‌ನಲ್ಲಿ ಅವನು ಇನ್ನೂ ಒಂದು ಪಾಸ್ ಕೂಡ ಕೊಟ್ಟಿರಲಿಲ್ಲ. ಹೊಸ ಜಾಗದಲ್ಲಿ ಬಂದ ದಿನ ಬೀಳುವ ಚಪ್ಪಾಳೆ ಹಳೆಯ ದುಡಿಮೆಯ ಕೂಲಿ. ಆದರೆ ತಟ್ಟಿದವರು ಅದನ್ನು ನಿನ್ನ ಹೆಸರಿನಲ್ಲಿ ಸಾಲವೆಂದು ಬರೆದಿಟ್ಟುಕೊಂಡಿರುತ್ತಾರೆ. ಒಂದು ದಿನ ಬಡ್ಡಿ ಸಮೇತ ಕೇಳುತ್ತಾರೆ. ನಿನ್ನ ಪ್ಯಾಕೇಜಿಗೆ ಈಗ ಸಿಗುತ್ತಿರುವ ಮೆಚ್ಚುಗೆ ನೀನು ಓದಿದ್ದಕ್ಕೆ, ಪರೀಕ್ಷೆ ಗೆದ್ದದ್ದಕ್ಕೆ. ಪುಣೆಯ ಕೆಲಸ ಸೋಮವಾರದಿಂದ ಶುರು.

ಮ್ಯಾಡ್ರಿಡ್ ಸೇರಿದ ಆ ಬೇಸಿಗೆಯ ರಜೆಯಲ್ಲಿ ಐದು ಕಿಲೊ ತೂಕ ಏರಿಸಿಕೊಂಡಿದ್ದಾಗಿ ಹಜಾರ್ಡನೇ ಒಪ್ಪಿಕೊಂಡಿದ್ದ. ಮೈ ಇಳಿಸಿ ಲಯಕ್ಕೆ ಮರಳುತ್ತಿದ್ದಾಗ, ನವೆಂಬರ್ 26ರಂದು ಪ್ಯಾರಿಸ್ ಸೇಂಟ್ ಜರ್ಮೈನ್ ವಿರುದ್ಧದ ಪಂದ್ಯದಲ್ಲಿ ಬೆಲ್ಜಿಯಂ ತಂಡದ ಅವನ ಜೊತೆಗಾರ ತೋಮಾ ಮ್ಯುನಿಯೆಯ ಕಾಲೇ ತಗುಲಿ ಕಣಕಾಲಿಗೆ ಪೆಟ್ಟು ಬಿತ್ತು. ಫೆಬ್ರವರಿಯಲ್ಲಿ ಮರಳಿದ. ಎರಡನೇ ಪಂದ್ಯದಲ್ಲಿ ಅದೇ ಕಾಲಿನ ಮೂಳೆ ಮುರಿಯಿತು. ಆಪರೇಷನ್ ಆಯಿತು, ಕಾಲೊಳಗೆ ಪ್ಲೇಟು ಕೂತಿತು, ಮುಂದೆ ಆ ಪ್ಲೇಟು ತೆಗೆಯಲು ಇನ್ನೊಂದು ಆಪರೇಷನ್. ಎದುರಾಳಿಯಿಂದ ಬಿದ್ದ ಪೆಟ್ಟಿಗೆ ಅವನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಆ ಐದು ಕಿಲೊ ಅವನ ಕೈಯಲ್ಲಿತ್ತು. ಯಾವ ಪೆಟ್ಟು ಯಾವ ದಿಕ್ಕಿನಿಂದ ಬರುತ್ತದೋ ನಾವು ತಡೆಯಲಾರೆವು. ತಯಾರಾಗಿ ಹೋಗುವುದು ಮಾತ್ರ ನಮ್ಮ ಪಾಲಿನದು. ಮೊದಲ ಆರು ತಿಂಗಳು ಹೊತ್ತಿಗೆ ಸರಿಯಾಗಿ ಮಲಗು, ಹೊತ್ತಿಗೆ ಸರಿಯಾಗಿ ಉಣ್ಣು, ಗೊತ್ತಿಲ್ಲದ್ದನ್ನು ನಾಚದೆ ಕೇಳಿ ಕಲಿ.

ಎರಡನೆಯ ಮಾತು ಜಾಗದ್ದು. ಫಿಲಿಪ್ ಕುಟಿನ್ಹೊನನ್ನು ನೆನಪಿಸಿಕೋ. 2018ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಬಾರ್ಸಿಲೋನಾಕ್ಕೆ ಹೋದ. ಷರತ್ತಿನ ಹಣವನ್ನೂ ಸೇರಿಸಿದರೆ 16 ಕೋಟಿ ಯುರೊ ಮುಟ್ಟುವ ಒಪ್ಪಂದ. ಅವನ ಕಾಲಿಗೆ ಒಗ್ಗುತ್ತಿದ್ದುದು ಪೆನಾಲ್ಟಿ ಏರಿಯಾದ ಎದುರಿನ ಜಾಗ, ಚೆಂಡು ಹಿಡಿದು ತಿರುಗಿ ಗುರಿಯಿಡುವುದು. ಬಾರ್ಸಿಲೋನಾದಲ್ಲಿ ಆ ಜಾಗ ಮೆಸ್ಸಿಯದು. ಹಾಗಾಗಿ ಅವನನ್ನು ಒಮ್ಮೆ ಎಡ ಅಂಚಿನಲ್ಲಿ ಇಟ್ಟರು, ಒಮ್ಮೆ ಇನಿಯೆಸ್ತಾ ಬಿಟ್ಟುಹೋದ ಮಿಡ್‌ಫೀಲ್ಡಿನಲ್ಲಿ ಇಟ್ಟರು. ಎರಡೂ ಮೈಗೂಡಲಿಲ್ಲ. ಸ್ವಂತ ಅಭಿಮಾನಿಗಳೇ ಸೀಟಿ ಹೊಡೆದು ಹೀಯಾಳಿಸಿದರು. 2019ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ದೂರದಿಂದ ಸುಂದರ ಗೋಲು ಹೊಡೆದವನು ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟು ನಿಂತ. ಗೋಲು ಹೊಡೆದ ಸಂತೋಷ ಆ ಮುಖದಲ್ಲಿ ಇರಲಿಲ್ಲ.

ಮುಂದಿನ ಸೀಸನ್‌ಗೆ ಅವನನ್ನು ಬಯರ್ನ್ ಮ್ಯೂನಿಕ್‌ಗೆ ಎರವಲು ಕೊಟ್ಟರು. 2020ರ ಆಗಸ್ಟ್ 14, ಲಿಸ್ಬನ್, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ಎದುರಾಳಿ ಬಾರ್ಸಿಲೋನಾವೇ. ಕೊನೆಯ ಕಾಲು ಗಂಟೆಗೆ ಬದಲಿಯಾಗಿ ಇಳಿದು ಎರಡು ಗೋಲು ಹೊಡೆದ. ಬಯರ್ನ್ 8, ಬಾರ್ಸಿಲೋನಾ 2. ಕೌಶಲ ಅವನ ಕಾಲಿನಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ.

ಇದು ನನಗೆ ಅರ್ಥವಾಗುವುದು ನಾನು ಅನುಭವಿಸಿದ್ದರಿಂದ. ಚಿಕ್ಕ ವಯಸ್ಸಿನಲ್ಲಿ ಒಂದು ಕಾರ್ಖಾನೆಯ ತಂಡದಲ್ಲಿ ಲೆಫ್ಟ್ ಔಟ್ ಆಡುತ್ತಿದ್ದೆ. ಇನ್ನೊಂದು ಕಾರ್ಖಾನೆಯವರು ಹೆಚ್ಚು ಸಂಬಳ ತೋರಿಸಿ ಕರೆದರು. ಹಾರ ಹಾಕಿ ಫೋಟೊ ತೆಗೆದರು. ಆ ಜಾಗಕ್ಕೆ ಅವರಲ್ಲಿ ಆಗಲೇ ಇಬ್ಬರಿದ್ದರು. ನನ್ನನ್ನು ಎಲ್ಲಿ ಆಡಿಸುತ್ತೀರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಸೀಸನ್ ಪೂರ್ತಿ ಬೂಟು ಕಟ್ಟಿಕೊಂಡು ಬೆಂಚಿನ ಮೇಲೆ ಕೂತೆ. ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ನೆಡುವಾಗ ರೈತ ಮೊದಲು ಗದ್ದೆ ಹದವಾಗಿದೆಯೇ, ನೀರು ನಿಂತಿದೆಯೇ ನೋಡುತ್ತಾನೆ. ಮನುಷ್ಯರನ್ನು ಕಿತ್ತು ನೆಡುವಾಗ ಅಷ್ಟು ನೋಡುವವರು ಕಡಿಮೆ. ಅದಕ್ಕೆ ನೀನೇ ನೋಡಿಕೊಳ್ಳಬೇಕು. ಸಂಬಳ ಎಷ್ಟು ಎಂದು ಕೇಳಿದ ಬಾಯಲ್ಲೇ ನನ್ನ ಕೆಲಸ ಏನು, ಯಾರ ಕೈಕೆಳಗೆ, ಈ ಕೆಲಸ ಇಲ್ಲಿಯವರೆಗೆ ಯಾರು ಮಾಡುತ್ತಿದ್ದರು ಎಂದೂ ಕೇಳು.

ಮೂರನೆಯದು ನಿನ್ನ ಮನಸ್ಸಿಗೆ ನೋವಾದರೂ ಹೇಳಲೇಬೇಕಾದ ಮಾತು. 2021ರ ಮೇ 5ರಂದು ಚೆಲ್ಸಿ ತನ್ನ ಮೈದಾನದಲ್ಲಿ ಮ್ಯಾಡ್ರಿಡ್ ತಂಡವನ್ನು 2–0 ಗೋಲುಗಳಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹೋಯಿತು. ಆಟ ಮುಗಿದ ಮೇಲೆ ಹಜಾರ್ಡ್ ಚೆಲ್ಸಿಯ ಹಳೆಯ ಗೆಳೆಯರ ಜೊತೆ ನಿಂತು ನಕ್ಕ. ಆ ನಗುವಿನ ಚಿತ್ರ ಹಿಡಿದುಕೊಂಡು ಜನ ಅವನನ್ನು ಹರಿದು ತಿಂದರು. ಮರುದಿನ ಅವನು ಕ್ಷಮೆ ಕೇಳಿದ. ಆ ರಾತ್ರಿ ನೀನು ಮೊಬೈಲಿನಲ್ಲಿ ಅವನಿಗೆ ಬರೆದ ಮಾತುಗಳನ್ನು ನಾನು ಓದಿದ್ದೆ. ಅವನ ಹೆಂಡತಿ ಮಕ್ಕಳನ್ನೂ ನೀನು ಎಳೆದಿದ್ದೆ. ಅವತ್ತೇ ನಿನ್ನನ್ನು ಕೂರಿಸಿ ಮಾತಾಡಬೇಕಿತ್ತು.

ಆಸೆ ಇಟ್ಟುಕೊಂಡದ್ದು ತಪ್ಪಲ್ಲ, ನಿರಾಸೆಯಾದದ್ದೂ ತಪ್ಪಲ್ಲ. ಪ್ರೀತಿ ಇದ್ದಲ್ಲಿ ಎರಡೂ ಇರುತ್ತವೆ. ಆದರೆ 10 ಕೋಟಿ ಎಂಬ ಬೆಲೆ ಕಟ್ಟಿದ್ದು ಎರಡು ಕ್ಲಬ್ಬುಗಳು. ಆ ಚೀಟಿಯನ್ನು ಬೆನ್ನಿಗೆ ಅಂಟಿಸಿಕೊಂಡು ಓಡಬೇಕಾದವನು ಒಬ್ಬ ಮನುಷ್ಯ. ನಾಳೆ ನಿನ್ನ ಆಫೀಸಿಗೂ ದೊಡ್ಡ ಹೆಸರು ಹೊತ್ತು ಯಾರೋ ಬರುತ್ತಾರೆ, ಕೆಲವರು ಎಡವುತ್ತಾರೆ. ಆಗ ಫರ್ನಾಂಡೊ ಟೊರೆಸ್ ಚೆಲ್ಸಿಗಾಗಿ ಹೊಡೆದ ಮೊದಲ ಗೋಲನ್ನು ನೆನೆ. 2011ರ ಜನವರಿ 31ರಂದು 5 ಕೋಟಿ ಪೌಂಡಿಗೆ ಚೆಲ್ಸಿಗೆ ಬಂದವನು ವಾರಗಟ್ಟಲೆ ಆಡಿದರೂ ಒಂದು ಗೋಲು ಹೊಡೆದಿರಲಿಲ್ಲ. ಏಪ್ರಿಲ್ 23ರಂದು ಮಳೆಯಲ್ಲಿ ನೆನೆದ ಮೈದಾನದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ, ಪೆನಾಲ್ಟಿ ಏರಿಯಾದೊಳಗೆ ನಿಂತ ನೀರಿನಲ್ಲಿ ಚೆಂಡು ಸಿಕ್ಕಿಕೊಂಡಿತು. ತಿರುಗಿ ಹೊಡೆದ, ಬಲೆಗೆ ಬಿತ್ತು. ಜೊತೆಗಾರರೆಲ್ಲ ಓಡಿಬಂದು ಅವನ ಮೇಲೆ ಬಿದ್ದು ಅಪ್ಪಿಕೊಂಡರು. ಅವನ ಮೇಲಿದ್ದ ಭಾರ ಎಷ್ಟೆಂದು ಜೊತೆಯಲ್ಲಿ ಆಡುವವರಿಗೆ ಗೊತ್ತಿತ್ತು. ನೀನು ಆ ಜೊತೆಗಾರರ ಸಾಲಿನಲ್ಲಿರು.

ಇನ್ನೊಂದು ವಿಷಯ. ಹಜಾರ್ಡ್ ಆಡಬೇಕಿದ್ದ ಎಡ ಅಂಚಿನಲ್ಲಿ ಆಮೇಲೆ ನಿಂತದ್ದು ವಿನೀಸಿಯಸ್, ಗೋಲು ಹೊಡೆಯಲು ಬಾರದವನು ಎಂದು ನೀವೆಲ್ಲ ಗೇಲಿ ಮಾಡುತ್ತಿದ್ದ ಹುಡುಗ. 2022ರ ಮೇ 28ರಂದು ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್‌ನ ಒಂದೇ ಒಂದು ಗೋಲು ಅವನದು. ಬೈಗುಳ ಕೇಳುತ್ತಲೇ ಅವನು ದಿನಾ ಅಭ್ಯಾಸಕ್ಕೆ ಹೋದ.

ಜೆರ್ಸಿಯನ್ನು ಎರಡು ಸಲ ಸೋಪು ಹಾಕಿ ಉಜ್ಜಿದೆ. ಗ್ರೀಸಿನ ಕಲೆ ಪೂರ್ತಿ ಹೋಗಲಿಲ್ಲ. ಒಣಗಿಸಿ, ಮಡಿಚಿ, ನಿನ್ನ ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೇನೆ. ತೆಗೆದು ಬಿಸಾಡಬೇಡ. ಬೈಕು ಒರೆಸಲು ಬೇರೆ ಬಟ್ಟೆ ಕೊಡುತ್ತೇನೆ.

ನಿನ್ನ ತಾತ