ಭಾವನ ಬೆಟ್ಟಕ್ಕೆ ಹೋಗುವವರಿಗೆ

ನಮ್ಮ ವಿರೂಪಾಕ್ಷಿಪುರದ ಕಡೆಯವರು ಬೆಟ್ಟಕ್ಕೆ ಹೊರಟರೆಂದರೆ ಅದು ಬಹುಮಟ್ಟಿಗೆ ಮಾದಪ್ಪನ ಬೆಟ್ಟವೇ ಆಗಿರುತ್ತದೆ. ಅದೇ ದಾರಿಯಲ್ಲಿ ಕೊಳ್ಳೇಗಾಲದವರೆಗೆ ಸಾಗಿ, ಅಲ್ಲಿಂದ ಯಳಂದೂರಿನ ಕಡೆಗೆ ಹೊರಳಿದವರಿಗೆ ದೊರೆಯುವ ಬಿಳಿಗಿರಿರಂಗನ ಬೆಟ್ಟವು ದೇವರೊಬ್ಬನ ನೆಲೆಯಷ್ಟೇ ಅಲ್ಲದೆ, ಕಾಡನ್ನೇ ಮನೆಯಾಗಿಸಿಕೊಂಡ ಸೋಲಿಗರ ಪೋಡುಗಳೆಂಬ ಹಾಡಿಗಳೂ ಶ್ರೀವೈಷ್ಣವ ಅರ್ಚಕರ ಮನೆಗಳೂ ಕಾಫಿಯ ತೋಟಗಳೂ ಒಂದೇ ಮಂಜಿನ ಹೊದಿಕೆಯೊಳಗೆ ಬಾಳುತ್ತಿರುವ ಅಪೂರ್ವ ಸ್ಥಳವಾಗಿದೆ.

ಸೋಲಿಗರ ಕುಸುಮಾಲೆಯನ್ನು ರಂಗನಾಥನು ಒಲಿದು ವರಿಸಿದನೆಂಬುದು ಅಲ್ಲಿಯ ಐತಿಹ್ಯ. ಆ ನಂಟಿನಿಂದಾಗಿ ಸೋಲಿಗರು ದೇವರನ್ನು ಭಾವನೆಂದೇ ಕರೆಯುತ್ತಾರೆ. ಬೀಗರ ಮನೆಗೆ ಹೋಗುವವನು ಯಾವ ಮರ್ಯಾದೆಯಿಂದ ಹೊಸಿಲು ದಾಟುತ್ತಾನೋ ಆ ಮರ್ಯಾದೆಯಿಂದಲೇ ಈ ಬೆಟ್ಟವನ್ನು ಏರತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಸೂಚನೆಗಳೆಲ್ಲವೂ ಇದರಿಂದಲೇ ಹುಟ್ಟಿದವು.

ಮೊದಲು ಕಾಲವನ್ನು ನಿಶ್ಚಯಿಸಿಕೊಳ್ಳಿರಿ. ಮಳೆ ಹಿಂದೆಗೆದು ಕಾಡು ಹಸಿರಾಗಿರುವ ಕಾರ್ತಿಕದಿಂದ ಮಾಘದವರೆಗಿನ ದಿನಗಳು ಉತ್ತಮ. ಸಂಕ್ರಾಂತಿಯ ಹೊತ್ತಿಗೆ ಚಿಕ್ಕಜಾತ್ರೆಯೂ ವೈಶಾಖದಲ್ಲಿ ದೊಡ್ಡಜಾತ್ರೆಯೂ ನಡೆಯುತ್ತವೆ. ಜನಸಂದಣಿಯನ್ನು ಸಹಿಸಬಲ್ಲವರು ಆಗ ಹೋಗಬಹುದು, ಪೋಡುಗಳ ಬಾಳನ್ನು ಸಮಾಧಾನದಿಂದ ಅರಿಯಬಯಸುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು. ಬೇಸಗೆಯಲ್ಲಿಯೂ ಬೆಟ್ಟದ ಮೇಲೆ ಇರುಳು ತಣ್ಣಗಿರುವುದರಿಂದ ಕಂಬಳಿಯನ್ನೋ ಸ್ವೆಟರನ್ನೋ ಮರೆಯದಿರಿ.

ದಾರಿಯ ವಿಷಯ ಸುಲಭ. ಹಲಗೂರನ್ನು ಸೇರಿ, ಮಳವಳ್ಳಿಯ ಮೇಲೆ ಕಾವೇರಿಯನ್ನು ದಾಟಿ, ಕೊಳ್ಳೇಗಾಲಕ್ಕೂ ಅಲ್ಲಿಂದ ಯಳಂದೂರಿಗೂ ಬರುವುದು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಈ ಊರಿನಲ್ಲಿ ಗೌರೀಶ್ವರ ದೇವಾಲಯದ ಬಳೆಮಂಟಪವಿದೆ. ಕಲ್ಲಿನಲ್ಲೇ ಕಡೆದ ಬಳೆಗಳನ್ನು ನೋಡಲು ಅರ್ಧ ಗಂಟೆ ಸಾಕು. ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರ್. ಗುಂಬಳ್ಳಿಯ ಬಳಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದ್ದು, ರಾತ್ರಿಯಲ್ಲಿ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ, ನಸುಕಿನಲ್ಲೇ ಊರು ಬಿಟ್ಟು ಹಗಲಿನಲ್ಲೇ ಘಾಟಿಯನ್ನು ಏರತಕ್ಕದ್ದು. ಪ್ಲಾಸ್ಟಿಕ್ ಒಯ್ಯಬೇಡಿರಿ, ಬುತ್ತಿಗೆ ಬಾಳೆಲೆಯೂ ಸ್ಟೀಲ್ ಡಬ್ಬಿಯೂ ಸಾಕು.

ಮೇಲೆ ತಲುಪಿದ ಮೇಲೆ ಮೊದಲು ದೇವರ ದರ್ಶನ. ಐದು ಸಾವಿರ ಅಡಿ ಎತ್ತರದ ಬಿಳಿಯ ಬಂಡೆಯ ಮೇಲೆ ರಂಗನಾಥನು ಇಲ್ಲಿ ಮಲಗಿಲ್ಲ, ನಿಂತಿದ್ದಾನೆ. ಕಾಡಿನಲ್ಲಿ ತಿರುಗಿ ಸವೆಯುವ ಅವನ ಪಾದಗಳಿಗೆಂದು ತಪ್ಪಲಿನ ಮಾದಿಗ ಸಮುದಾಯದವರು ಮಡಿಯಿಂದ ಹೊಲಿದು ತಂದೊಪ್ಪಿಸುವ ಬೃಹದಾಕಾರದ ಚರ್ಮದ ಪಾದರಕ್ಷೆಗಳು ಅಲ್ಲಿವೆ. ಭಕ್ತರು ಅವನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ನನ್ನ ತಲೆಗೆ ಆ ತೂಕದ ತೊಗಲು ತಾಗಿದಾಗ, ಹೊಲಿದ ಕೈಗಳನ್ನು ನೆನೆದು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಿದ್ದೆನು.

ಆಮೇಲೆ ಸೋಲಿಗರ ಕಡೆಗೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆವರಣದಲ್ಲಿ ವಿಚಾರಿಸಿದರೆ, ಯಾವ ಪೋಡಿಗೆ ಯಾರ ಜೊತೆಯಲ್ಲಿ ಹೋಗಬಹುದೆಂಬುದು ತಿಳಿಯುತ್ತದೆ. ತಾವಾಗಿ ನುಗ್ಗಬಾರದು. ಹಿರಿಯರೊಡನೆ ಮಾತನಾಡುವ ಮುನ್ನವೇ ಕ್ಯಾಮೆರಾ ತೆಗೆಯಬಾರದು. ಗೊರುಕನ ಕುಣಿತವನ್ನು ಹಬ್ಬದ ಹೊರತಾಗಿ ಹಣ ಕೊಟ್ಟು ಕುಣಿಸಬಾರದು. ಕೈಯಲ್ಲಿ ಎಲೆಯಡಿಕೆ, ಒಂದು ಚಿಪ್ಪು ಬಾಳೆಹಣ್ಣು ಇದ್ದರೆ ಉಚಿತ. ಸೋಲಿಗನುಡಿಯು ಕನ್ನಡಕ್ಕೆ ಅತಿ ಸಮೀಪವಾದುದರಿಂದ, ನಿಧಾನವಾಗಿ ಆಡಿದರೆ ಇಬ್ಬರಿಗೂ ತಿಳಿಯುತ್ತದೆ.

ಭಾರ್ಗವಿ ನದಿಯ ದಡದ ದೊಡ್ಡಸಂಪಿಗೆಯು ಅವರ ಆರಾಧ್ಯವೃಕ್ಷ. ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು ಸೋಲಿಗರ ಜೊತೆಯಲ್ಲಿಯೇ ಅಲ್ಲಿಗೆ ಹೋಗತಕ್ಕದ್ದು. ನಾವು ನಡೆದ ಹಾದಿಯ ಎರಡೂ ಮಗ್ಗುಲಲ್ಲಿ ಲಂಟಾನ ಎದೆಯೆತ್ತರ ಹಬ್ಬಿತ್ತು. ಜೊತೆಯಲ್ಲಿದ್ದ ಹಿರಿಯರು ಮುಳ್ಳಿನ ಕೊಂಬೆಯೊಂದನ್ನು ಕೋಲಿನಿಂದ ಸರಿಸಿ, “ತರಗು ಬೆಂಕಿ ನಿಂತ ಮ್ಯಾಲೆ ಈ ಕಳೆ ಬಂದು ಕೂತ್ಕತ್ತು ಸ್ವಾಮಿ” ಎಂದರು. ಒಣಗಿದ ಎಲೆಗಳನ್ನು ಬೇಸಗೆಯ ಆರಂಭದಲ್ಲಿ ಮೆಲ್ಲನೆ ಸುಡುತ್ತಿದ್ದ ಅವರ ಹಳೆಯ ಪದ್ಧತಿಯು 1974ರಲ್ಲಿ ಕಾಡು ವನ್ಯಧಾಮವಾದ ತರುವಾಯ ನಿಂತುಹೋಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆಯೂ, ಅದೇ ವರ್ಷ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕಿನ ಮಾನ್ಯತೆಯೂ ಬಂದವು. ಕಾಡನ್ನು ಹೀಗೆ ಬಲ್ಲವರಿಗೆ ಆ ಹಕ್ಕು ಇಷ್ಟು ತಡವಾಗಿ ದೊರೆತುದಕ್ಕೆ ನನಗೆ ಈಗಲೂ ಖೇದವಿದೆ.

ಕೊಳ್ಳುವುದಿದ್ದರೆ ಜೇನು, ಸೀಗೆಕಾಯಿ, ನೆಲ್ಲಿಕಾಯಿಯ ಉಪ್ಪಿನಕಾಯಿ ಇವನ್ನು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘದಲ್ಲಿ ಇಲ್ಲವೇ ಸೋಲಿಗರ ಕೈಯಿಂದಲೇ ಕೊಳ್ಳಿರಿ. ಹೆಜ್ಜೇನಿಗೂ ತುಡುವೆಜೇನಿಗೂ ರುಚಿಯಲ್ಲಿ ಭೇದವುಂಟು. ಯಾವುದೆಂದು ಕೇಳಿ, ಬೆರಳಿಗೆ ಹಚ್ಚಿಕೊಂಡು ನೋಡಿರಿ. ಬೆಲೆಯಲ್ಲಿ ಚೌಕಾಸಿ ಮಾಡಬೇಡಿರಿ: ಹೆಜ್ಜೇನಿಗಾಗಿ ಇರುಳಿನಲ್ಲಿ ಎತ್ತರದ ಮರವನ್ನೇರಬೇಕು.

ಎರಡನೆಯ ದಿನವಿದ್ದವರು ಬೆಟ್ಟವನ್ನಿಳಿದು ಕೊಳ್ಳೇಗಾಲಕ್ಕೆ ಮರಳಿ, ಲೊಕ್ಕನಹಳ್ಳಿಯ ದಾರಿಯಲ್ಲಿ ಒಡೆಯರಪಾಳ್ಯಕ್ಕೆ ಹೋಗಬಹುದು. ನಾಡನ್ನು ತೊರೆದು ಬಂದ ಟಿಬೆಟಿಯನರು ಅಲ್ಲಿ ನೆಲೆನಿಂತು ಮುಸುಕಿನ ಜೋಳ ಬೆಳೆಯುತ್ತಾರೆ. ಗೊಂಪವೆಂಬ ಅವರ ಮಠದೊಳಗೆ ಪಾದರಕ್ಷೆ ಕಳಚಿ ಹೋಗಿ, ಪ್ರಾರ್ಥನೆ ನಡೆಯುತ್ತಿದ್ದರೆ ಗೋಡೆಯ ಬದಿಯಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಿರಿ. ಮಧ್ಯಾಹ್ನ ಅಲ್ಲಿಯ ಹೋಟೆಲಿನಲ್ಲಿ ಥುಕ್ಪಾ ಎಂಬ ಶಾವಿಗೆಯ ಸಾರನ್ನು ಉಂಡು ಹೊರಟರೆ ಕತ್ತಲಾಗುವ ವೇಳೆಗೆ ಮಳವಳ್ಳಿಯನ್ನು ದಾಟಿರುತ್ತೀರಿ.