ಇಲ್ಲಿಕುನ್ನಿನ ಮನೆಯೂ ಅದರಲ್ಲಿ ಹುಟ್ಟಿದ ಮಗಳೂ

ಹಳೆಯ ಮನೆಯೊಂದರ ಚರಿತ್ರೆಯನ್ನು ಬರೆಯುವವರು ಸಾಧಾರಣವಾಗಿ ಅದನ್ನು ಕಟ್ಟಿಸಿದವನ ಹೆಸರು, ಕಟ್ಟಿದ ವರ್ಷ, ಕಂಬಗಳ ಎಣಿಕೆ ಇವುಗಳಿಂದ ತೊಡಗುವರು. ಇವೆಲ್ಲಾ ಬೇಕಾದವುಗಳೇ. ಆದರೆ ಆ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಅದನ್ನು ಬಿಟ್ಟುಹೋದರು, ಹೋದವರು ಅದರಿಂದ ಏನನ್ನು ಕೊಂಡುಹೋದರು ಎಂದು ವಿಚಾರಿಸಿದರೆ ಚರಿತ್ರೆಯು ಬೇರೊಂದು ದಾರಿಯನ್ನು ಹಿಡಿಯುವದು. ನಮ್ಮ ಪಡುವಣ ಕರಾವಳಿಯ ಒಂದು ಮಿಶನ್ ಬಂಗಲೆಯನ್ನು ತೆಗೆದುಕೊಂಡು ಈ ರೀತಿಯಲ್ಲಿ ಪರಿಶೀಲಿಸಿ ನೋಡೋಣ.

ಮಂಗಳೂರಿನಿಂದ ರೈಲಿನಲ್ಲಿ ತೆಂಕಣಕ್ಕೆ ಹೋಗುವವರು ಕಣ್ಣಾನೂರನ್ನು ದಾಟಿದ ಬಳಿಕ ತಲಶೇರಿಯನ್ನು ಮುಟ್ಟುವರು. ಆ ಪಟ್ಟಣದ ಬಳಿಯಲ್ಲಿ, ನೆಟ್ಟೂರು ಎಂಬಲ್ಲಿ, ಇಲ್ಲಿಕುನ್ನು ಎಂಬ ಗುಡ್ಡವಿದೆ. ಅದರ ಮೇಲಿನ ಬಂಗಲೆಯು ತಲಶೇರಿಯ ನ್ಯಾಯಾಧೀಶರಾಗಿದ್ದ ಸ್ಟ್ರೇಂಜ್ ದೊರೆಗಳದಾಗಿತ್ತು. ಅವರು ಅದನ್ನು ಬಾಸೆಲ್ ಮಿಶನಿಗೆ ಬಿಟ್ಟುಕೊಟ್ಟದ್ದರಿಂದ, ಹಿಂದಿನ ವರ್ಷವಷ್ಟೇ ಮಂಗಳೂರಿಗೆ ಬಂದು ಸೇರಿದ್ದ ಹೆರ್ಮನ್ ಗುಂಡರ್ಟ್ ಎಂಬ ತರುಣ ಮಿಶನರಿಯು ತನ್ನ ಪತ್ನಿಯೊಡನೆ 1839ರಲ್ಲಿ ಅಲ್ಲಿಗೆ ಹೋಗಿ ಬಿಡಾರ ಮಾಡಿದನು. ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಹಂಚಿನ ಕಾರ್ಖಾನೆಯು ಆರಂಭವಾದದ್ದು 1865ರಲ್ಲಿ. ಆದಕಾರಣ ಕರಾವಳಿಯ ಯಾವ ಹಳೆಯ ಮನೆಯ ಮೇಲಾದರೂ ಮಂಗಳೂರು ಹಂಚನ್ನು ಕಂಡರೆ, ಆ ಮಾಡನ್ನು ಮನೆಯಷ್ಟೇ ಹಳೆಯದೆಂದು ಕೂಡಲೇ ಎಣಿಸಬಾರದು. ಗೋಡೆಗಳಿಗೆ ಒಂದು ಪ್ರಾಯವಾದರೆ ಮಾಡಿಗೆ ಇನ್ನೊಂದು ಪ್ರಾಯವಿರುವದುಂಟು.

ಗುಂಡರ್ಟರು 1814ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದವರು. ಅವರ ಪತ್ನಿ ಜೂಲಿ ದ್ಯೂಬ್ವಾ ಫ್ರೆಂಚ್ ಮಾತಾಡುವ ಸ್ವಿಸ್ ಸೀಮೆಯವರು, ಗಂಡನಿಗಿಂತ ಪ್ರಾಯದಲ್ಲಿ ಸುಮಾರು ಐದು ವರ್ಷ ಹಿರಿಯರು. ಇಬ್ಬರೂ 1836ರಲ್ಲಿ ಗ್ರೋವ್ಸ್ ಎಂಬ ಸುವಾರ್ತಿಕರ ತಂಡದೊಡನೆ ಒಂದೇ ಹಡಗಿನಲ್ಲಿ ಹಿಂದೂದೇಶಕ್ಕೆ ಬಂದಿದ್ದರು, 1838ರಲ್ಲಿ ವಿವಾಹವಾದರು. ಪತಿಯ ಮಾತೃಭಾಷೆಯಾದ ಜರ್ಮನ್ ಈ ಅಮ್ಮನವರ ನಾಲಗೆಗೆ ಕೊನೆಯ ವರೆಗೂ ಚೆನ್ನಾಗಿ ಹೊಂದಲಿಲ್ಲ. ಹೀಗೆ ಆ ಮನೆಯಲ್ಲಿ ಮೊದಲಿನಿಂದಲೂ ಹಲವು ಭಾಷೆಗಳು ಒಂದೇ ಒಲೆಯ ಸುತ್ತ ಕುಳಿತುಕೊಂಡಿದ್ದವು.

ಇಲ್ಲಿಕುನ್ನಿನ ಹೆಸರು ಮಲೆಯಾಳ ದೇಶದಲ್ಲಿ ಪ್ರಸಿದ್ಧವಾದದ್ದು ಗುಂಡರ್ಟರ ವಿದ್ಯೆಯಿಂದ. 1847ರಲ್ಲಿ 'ರಾಜ್ಯಸಮಾಚಾರಂ' ಎಂಬ ಪತ್ರಿಕೆಯೂ ಅದೇ ವರ್ಷ 'ಪಶ್ಚಿಮೋದಯಂ' ಎಂಬ ಪತ್ರಿಕೆಯೂ ಅಲ್ಲಿಂದ ಕಲ್ಲಚ್ಚಿನಲ್ಲಿ ಹೊರಟವು. ಅದಕ್ಕೆ ನಾಲ್ಕು ವರ್ಷ ಮೊದಲೇ, 1843ರಲ್ಲಿ, ಮೋಗ್ಲಿಂಗ್ ಪಂಡಿತರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿಯೇ ಹೊರಡಿಸಿದ್ದರೆಂಬದನ್ನು ಕನ್ನಡದ ವಿದ್ಯಾರ್ಥಿನಿಯರು ಬಲ್ಲರಷ್ಟೆ. ಗುಂಡರ್ಟರು ಮಲೆಯಾಳದ ಶಬ್ದಗಳನ್ನೂ ಗಾದೆಗಳನ್ನೂ ಹಳೆಯ ಗ್ರಂಥಗಳನ್ನೂ ವರ್ಷಗಟ್ಟಲೆ ಕೂಡಿಸುತ್ತಾ ಹೋದರು. ಅವರ ದೊಡ್ಡ ನಿಘಂಟು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಿತವಾಯಿತು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಅದೇ ಅಚ್ಚುಕೂಟದಿಂದ.

ಇಷ್ಟನ್ನು ಎಲ್ಲಾ ಪುಸ್ತಕಗಳೂ ಹೇಳುತ್ತವೆ. ಜೂಲಿ ಅಮ್ಮನವರ ಕೆಲಸವನ್ನಾದರೋ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅವರು ತಲಶೇರಿಗೆ ಬಂದ ಹೊಸತರಲ್ಲೇ ಹೆಣ್ಣುಮಕ್ಕಳನ್ನು ಕೂಡಿಸಿ ಓದುಬರಹವನ್ನೂ ಹೊಲಿಗೆಯನ್ನೂ ಕಲಿಸತೊಡಗಿದರು. ಹುಡುಗಿಯರು ಅಲ್ಲಿಯೇ ಉಂಡು ಮಲಗಿ ಕಲಿಯುವ ಶಾಲೆಯದು. ನಿಘಂಟಿಗೆ ಒಬ್ಬ ಕರ್ತನಿರುವನು, ಮುಖಪುಟದಲ್ಲಿ ಅವನ ಹೆಸರು ನಿಲ್ಲುವದು. ಹೆಣ್ಣುಮಗಳ ಕೈಯಲ್ಲಿ ಮೊದಲು ಸೂಜಿಯನ್ನೂ ಬಳಪವನ್ನೂ ಇಟ್ಟವರ ಹೆಸರಿಗೆ ಅಂಥ ಪುಟವಿಲ್ಲ. ನಮ್ಮಂಥ ಶಾಲೆಗಳ ಸ್ಮರಣಸಂಚಿಕೆಯಲ್ಲಾದರೂ ಇದನ್ನು ಹೇಳದಿದ್ದರೆ ಮತ್ತೆಲ್ಲಿ ಹೇಳುವದು?

ಆ ಮನೆಯಲ್ಲಿ 1842ನೇ ಅಕ್ಟೋಬರ್ ತಿಂಗಳಿನಲ್ಲಿ ಮರೀ ಎಂಬ ಹೆಣ್ಣುಮಗು ಹುಟ್ಟಿತು. ಗುಂಡರ್ಟರು ವಿಶ್ರಾಂತಿಗಾಗಿ ಸಂಸಾರಸಮೇತ ಯುರೋಪಿಗೆ ಹೋದಾಗ ಮಗುವಿಗೆ ಮೂರು ನಾಲ್ಕು ವರ್ಷ. ತಂದೆತಾಯಿಗಳು ಮಲೆಯಾಳಕ್ಕೆ ಹಿಂತಿರುಗಿದರು. ಮಗಳನ್ನು ಅಲ್ಲಿಯೇ ಬಿಟ್ಟು ಬಂದರು. ಆ ಕಾಲದ ಮಿಶನರಿಗಳಲ್ಲಿ ಇದು ಸಾಮಾನ್ಯವಾಗಿ ನಡೆಯುತ್ತಿದ್ದ ಪದ್ಧತಿ. ಇಲ್ಲಿಯ ಬಿಸಿಲು, ಜ್ವರ, ತಕ್ಕ ಶಾಲೆಗಳಿಲ್ಲದಿರುವದು ಇವು ಕಾರಣಗಳು. 1853ರಲ್ಲಿ ಮಿಶನಿನವರು ಇಂಥ ಮಕ್ಕಳಿಗೋಸ್ಕರವೇ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯನ್ನು ತೆರೆದರು. ಮರೀಯ ಬಾಲ್ಯವು ಸ್ವಿಸ್ ದೇಶದಲ್ಲಿಯೂ ವುರ್ಟೆಂಬೆರ್ಗ್ ಸೀಮೆಯಲ್ಲಿಯೂ ಪರರ ಆಶ್ರಯದಲ್ಲಿ ಕಳೆಯಿತು. ಪರರ ಹೆಣ್ಣುಮಕ್ಕಳನ್ನು ತನ್ನ ಮಾಡಿನ ಕೆಳಗೆ ಸಾಕಿದ ತಾಯಿಯು ತನ್ನ ಮಗಳನ್ನು ಸಮುದ್ರದಾಚೆಗೆ ಬಿಡಬೇಕಾಯಿತು. ಇದನ್ನು ತ್ಯಾಗವೆಂದು ಹೊಗಳುವವರಿದ್ದಾರೆ. ಹೊಗಳಲಿ; ಆದರೆ ಆ ತ್ಯಾಗದಲ್ಲಿ ಮಗುವಿನ ಪಾಲೂ ಇತ್ತು, ಮಗುವನ್ನು ಯಾರೂ ಕೇಳಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ, 1857ರಲ್ಲಿ, ಮರೀ ಮತ್ತೆ ಹಿಂದೂದೇಶಕ್ಕೆ ಬಂದಳು. ತಂದೆಯವರು ಆ ವರ್ಷ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಶಾಲಾ ಪರೀಕ್ಷಕರಾಗಿ ನೇಮಕಗೊಂಡಿದ್ದರು. ಮಗಳು ತಾಯಿಯ ಜೊತೆಯಲ್ಲಿ ಹುಡುಗಿಯರ ಶಾಲೆಯ ಕೆಲಸಕ್ಕೆ ನಿಂತಳು. 1859ರಲ್ಲಿ ಗುಂಡರ್ಟರು ದೇಹಾಲಸ್ಯದಿಂದ ಜರ್ಮನಿಗೆ ಹೋದವರು ತಿರುಗಿ ಬರಲಿಲ್ಲ. ಕಾಲ್ವ್ ಎಂಬ ಊರಿನಲ್ಲಿ ಕ್ರೈಸ್ತ ಪುಸ್ತಕ ಪ್ರಕಟನ ಸಂಘದ ಕೆಲಸವನ್ನು ವಹಿಸಿಕೊಂಡು, ಅಲ್ಲಿಯೇ ನಿಘಂಟನ್ನು ಮುಗಿಸಿದರು. ಮರೀ 1865ರಲ್ಲಿ ಚಾರ್ಲ್ಸ್ ಇಸೆನ್‌ಬೆರ್ಗ್ ಎಂಬ ಮಿಶನರಿಯನ್ನು ವರಿಸಿ ಸಿಂಧ್ ಪ್ರಾಂತಕ್ಕೆ ಹೋದಳು. 1870ರಲ್ಲಿ ಪತಿಯು ತೀರಿಕೊಂಡನು. ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯದಲ್ಲಿ ಇಬ್ಬರು ಗಂಡುಮಕ್ಕಳ ವಿಧವೆಯಾಗಿ ಆಕೆಯು ತಂದೆಯ ಮನೆಯನ್ನು ಸೇರಿದಳು.

ಇಷ್ಟರಲ್ಲಿ ಮಂಗಳೂರಿನಿಂದ ಇನ್ನೊಬ್ಬರು ಕಾಲ್ವಿಗೆ ಹೋದರು. ಬಾಲ್ಟಿಕ್ ಕರಾವಳಿಯ ಎಸ್ಟೋನಿಯ ಸೀಮೆಯಲ್ಲಿ ಹುಟ್ಟಿದ ಯೋಹಾನ್ನೆಸ್ ಹೆಸ್ಸೆಯವರು 1869ರಿಂದ 1873ರ ವರೆಗೆ ಮಂಗಳೂರಿನಲ್ಲಿ ಮಿಶನ್ ಸೇವೆ ಮಾಡಿ, ದೇಹಸ್ಥಿತಿಯು ಕೆಟ್ಟದ್ದರಿಂದ ಹಿಂತಿರುಗಿ, ಗುಂಡರ್ಟರಿಗೆ ಸಹಾಯಕರಾಗಿ ನಿಂತಿದ್ದರು. 1874ರಲ್ಲಿ ಮರೀ ಅವರನ್ನು ಮದುವೆಯಾದಳು. ಇವರ ಮಗನೇ 1877ರಲ್ಲಿ ಹುಟ್ಟಿ, ಮುಂದೆ 'ಸಿದ್ಧಾರ್ಥ' ಎಂಬ ಕಥೆಯನ್ನು 1922ರಲ್ಲಿ ಬರೆದು, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆ. ಹಿಂದೂದೇಶದ ವಸ್ತುಗಳಿಂದ ತುಂಬಿದ ಅಜ್ಜನ ಗಾಜಿನ ಕಪಾಟನ್ನೂ, ಅದರೊಳಗಿದ್ದ ಒಂದು ಸಣ್ಣ ವಿಗ್ರಹವನ್ನೂ, ಅಜ್ಜನಿಗೆ ತಿಳಿದಿದ್ದ ಹಲವು ಭಾಷೆಗಳನ್ನೂ ಆತನು ಮುಪ್ಪಿನ ವರೆಗೂ ಮರೆಯಲಿಲ್ಲ. ಇಲ್ಲಿಕುನ್ನಿನ ಮನೆಯು ಹೀಗೆ ಒಂದು ಕಪಾಟಿನೊಳಗೆ ಅಡಗಿ ನಾಗೋಲ್ಡ್ ನದಿಯ ದಡಕ್ಕೆ ಹೋಗಿ ಸೇರಿತ್ತು.

ಆದರೆ ಅದರ ಜೊತೆಯಲ್ಲಿ ಇನ್ನೊಂದು ವಸ್ತುವೂ ಹೋಗಿತ್ತು. ಹೆಸ್ಸೆ ಕುಟುಂಬವು ಕೆಲವು ವರ್ಷ ಬಾಸೆಲಿನಲ್ಲಿದ್ದಾಗ, ಹಟಮಾರಿಯಾದ ಈ ಹುಡುಗನನ್ನು ಅಂಕೆಯಲ್ಲಿಡಲು ತಿಳಿಯದೆ ತಂದೆತಾಯಿಗಳು 1884ರಲ್ಲಿ ಅವನನ್ನು ಮಿಶನಿನ ಹುಡುಗರ ಮನೆಯಲ್ಲಿ ಇಟ್ಟರು. ಅವನಿಗೆ ಆಗ ಆರು ವರ್ಷ. ತನ್ನ ಮನೆ ಅದೇ ಊರಿನಲ್ಲಿದ್ದರೂ ಭಾನುವಾರ ಮಾತ್ರ ಅವನು ಮನೆಗೆ ಬರುತ್ತಿದ್ದನು. ತಾನು ಬಾಲ್ಯದಲ್ಲಿ ಉಂಡ ಅಗಲಿಕೆಯನ್ನು ಮರೀ ತನ್ನ ಮಗನಿಗೂ ಬಡಿಸಿದಳೆಂದು ಹೇಳುವದು ಕಠಿಣವಾದೀತು. ಆದರೂ ಮಗುವನ್ನು ಹಾಗೆ ಬೆಳೆಸುವದು ಸಾಧ್ಯವೆಂದು ಆಕೆಯು ತನ್ನ ಅನುಭವದಿಂದಲೇ ಬಲ್ಲವಳಾಗಿದ್ದಳೆಂದು ನನಗೆ ತೋರುತ್ತದೆ.

ಜೂಲಿ ಅಮ್ಮನವರು 1885ರಲ್ಲಿಯೂ ಗುಂಡರ್ಟರು 1893ರಲ್ಲಿಯೂ ಮರೀ 1902ರಲ್ಲಿಯೂ ತೀರಿಕೊಂಡರು. ಮರೀಯ ಕಾಗದಗಳನ್ನೂ ದಿನಚರಿಗಳನ್ನೂ ಆಕೆಯ ಹಿರಿಯ ಮಗಳಾದ ಅಡೇಲೆ ಕಾದಿರಿಸಿ, 1934ರಲ್ಲಿ ಜೀವನಚರಿತ್ರೆಯಾಗಿ ಅಚ್ಚು ಹಾಕಿಸಿದಳು. ಆ ಕುಟುಂಬದೊಳಗಿನ ಸುಖದುಃಖಗಳಲ್ಲಿ ಬಹಳಷ್ಟು ನಮಗೆ ತಿಳಿದುಬಂದದ್ದು ಈ ಮಗಳ ದೆಸೆಯಿಂದ.

ಇಲ್ಲಿಕುನ್ನಿನ ಬಂಗಲೆಯು ಈಗ ಗುಂಡರ್ಟರ ಹೆಸರಿನ ಸಂಗ್ರಹಾಲಯವಾಗಿದೆ. ಹೆರ್ಮನ್ ಹೆಸ್ಸೆ 1911ರಲ್ಲಿ ಹಡಗನ್ನೇರಿ ಸಿಂಹಳ, ಸಿಂಗಾಪುರ, ಸುಮಾತ್ರಗಳನ್ನು ಸುತ್ತಿದನು, ಮಲಬಾರಿಗೆ ಬರಲಿಲ್ಲ. ತಾಯಿಯು ಹುಟ್ಟಿದ ಆ ಗುಡ್ಡವನ್ನು ಆತನು ಹತ್ತಲೇ ಇಲ್ಲ.